ಗ್ರ್ಯಾಂಡ್ ಸೀಕೋ ನಿಮಗೆ ಹೇಳಿ ಮಾಡಿಸಿದ ವಾಚಾ? ಕೊಳ್ಳುವ ಮೊದಲು ಹೀಗೆ ನೋಡಿಕೊಳ್ಳಿ

ನಮ್ಮ ಕರಾವಳಿಯಲ್ಲಿ ಸೀಕೋ ಅಂದ ತಕ್ಷಣ ನೆನಪಾಗುವುದು ಗಲ್ಫಿನಿಂದ ಬಂದ ಮಾವನ ಕೈಯಲ್ಲಿದ್ದ ಸೀಕೋ 5. ಅದೇ ಕಂಪನಿ ಲಕ್ಷಗಟ್ಟಲೆ ಬೆಲೆಯ ವಾಚನ್ನೂ ಮಾಡುತ್ತದೆ ಅಂದರೆ ಮಂಗಳೂರಲ್ಲಿ ಇವತ್ತಿಗೂ ಸುಮಾರು ಜನ ನಂಬುವುದಿಲ್ಲ. ಅದರ ಹೆಸರು ಗ್ರ್ಯಾಂಡ್ ಸೀಕೋ. ಸ್ವಿಸ್ ವಾಚಿಗೆ ಯಾವುದರಲ್ಲೂ ಕಡಿಮೆ ಇಲ್ಲದ್ದನ್ನು ಮಾಡಿ ತೋರಿಸಬೇಕು ಅಂತ 1960ರಲ್ಲಿ ಶುರು ಮಾಡಿದ್ದು. 2017ರಲ್ಲಿ ಅದನ್ನು ಬೇರೆಯೇ ಬ್ರ್ಯಾಂಡ್ ಮಾಡಿ, ಡಯಲ್ ಮೇಲೆ 12ರ ಕೆಳಗಿರುತ್ತಿದ್ದ ಸೀಕೋ ಹೆಸರನ್ನು ತೆಗೆದರು.

ಇಂಥ ವಾಚನ್ನು ಕೊಳ್ಳುವವರು ಯಾರು? ದುಡ್ಡಿದ್ದವರು ಅಂದರೆ ಉತ್ತರ ಅರ್ಧ ಆಯಿತಷ್ಟೆ. ಅಷ್ಟೇ ದುಡ್ಡಿಗೆ ಊರಿಗೆಲ್ಲ ಗೊತ್ತಿರುವ ಸ್ವಿಸ್ ಹೆಸರು ಸಿಗುವಾಗ ಅದನ್ನು ಬಿಟ್ಟು ಇದನ್ನು ಆರಿಸುವವರು, ನನ್ನ ಪ್ರಕಾರ, ವಾಚನ್ನು ತಮ್ಮ ಕಣ್ಣಿಗಾಗಿ ಕಟ್ಟಿಕೊಳ್ಳುವವರು. ನೀವು ಆ ಪೈಕಿಯವರಾ ಅಂತ ಮನೆಯಲ್ಲೇ ತಿಳಿದುಕೊಳ್ಳಬಹುದು. ಆಮೇಲೆ ಅಂಗಡಿಗೆ ಹೋದರಾಯಿತು.

ಹೆಜ್ಜೆ 1: ಮದುವೆ ಹಾಲಿನಲ್ಲಿ ನಿಮ್ಮನ್ನು ಊಹಿಸಿಕೊಳ್ಳಿ

ಉಡುಪಿಯಲ್ಲೋ ಮಂಗಳೂರಲ್ಲೋ ಒಂದು ದೊಡ್ಡ ಮದುವೆ. ಕೈ ಕುಲುಕುವಾಗ ಎಲ್ಲರೂ ಎಲ್ಲರ ವಾಚು ನೋಡುತ್ತಾರೆ, ಅದು ನಮ್ಮಲ್ಲಿ ಇದ್ದದ್ದೇ. ನಿಮ್ಮದನ್ನು ನೋಡಿ ಯಾರೂ ಏನೂ ಹೇಳುವುದಿಲ್ಲ. ಹೇಗೋ ಬೆಲೆ ಗೊತ್ತಾದ ಒಬ್ಬರು ಮಾತ್ರ, ಸೀಕೋ ವಾಚಿಗೆ ಅಷ್ಟು ಕೊಡ್ಲಿಕ್ಕೆ ಉಂಟಾ ಮಾರಾಯ್ರೆ, ಅಂತ ಕೇಳುತ್ತಾರೆ. ಆಗ ನಿಮಗೆ ಹೇಗನಿಸುತ್ತದೆ? ಇರಿಸುಮುರಿಸು ಆಗುವುದಾದರೆ ಬೇಡ, ಬೇರೆ ವಾಚು ನೋಡಿ. ಅದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ಜನ ಗುರುತಿಸಲಿ ಅಂತ ಆಸೆಪಟ್ಟು ಕೊಳ್ಳುವುದೂ ಸಂತೋಷವೇ, ಆದರೆ ಆ ಸಂತೋಷ ಈ ವಾಚಿನಿಂದ ಸಿಗುವುದಿಲ್ಲ.

ನಕ್ಕು ಸುಮ್ಮನಾಗುತ್ತೇನೆ ಅಂತ ಅನಿಸಿದರೆ ಮುಂದೆ ಹೋಗೋಣ.

ಹೆಜ್ಜೆ 2: ಕಿಟಕಿ ಹತ್ತಿರ ಹೋಗಿ ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ಆತುರ ಮಾಡಬೇಡಿ. ಫೋಟೋ ನೋಡಿ ಆರ್ಡರ್ ಮಾಡಲೇಬೇಡಿ, ಯಾಕೆಂದರೆ ಈ ವಾಚಿನ ಅರ್ಧ ಚಂದ ಫೋಟೋದಲ್ಲಿ ಬರುವುದೇ ಇಲ್ಲ. ಬೆಂಗಳೂರಿಗೋ ದುಬೈಗೋ ಹೋದಾಗ ಅಧಿಕೃತ ಡೀಲರ್ ಹತ್ತಿರ ಕೈಗೆ ಕಟ್ಟಿ ನೋಡಿ. ಅಂಗಡಿಯ ಲೈಟಿನ ಕೆಳಗೆ ಯಾವ ವಾಚಾದರೂ ಹೊಳೆಯುತ್ತದೆ. ಅವರನ್ನು ಕೇಳಿ, ಬಾಗಿಲ ಬಳಿಗೋ ಕಿಟಕಿ ಬಳಿಗೋ ಹೋಗಿ, ಮಣಿಕಟ್ಟನ್ನು ನಿಧಾನಕ್ಕೆ ತಿರುಗಿಸಿ.

ಮೊದಲು ಗಂಟೆಯ ಮುಳ್ಳು ನೋಡಿ. ಅದರ ಅಂಚುಗಳನ್ನು ವಜ್ರಕ್ಕೆ ಪಟ್ಟೆ ಹೊಡೆದ ಹಾಗೆ ಕತ್ತರಿಸಿರುತ್ತಾರೆ. ಬೆಳಕು ಎಷ್ಟು ಕಡಿಮೆ ಇದ್ದರೂ ಒಂದಲ್ಲ ಒಂದು ಮುಖ ಅದನ್ನು ಹಿಡಿಯುತ್ತದೆ. ಆಮೇಲೆ ಕೇಸಿನ, ಅಂದರೆ ವಾಚಿನ ಹೊರಕವಚದ, ಬದಿಗೆ ಬನ್ನಿ. ಅಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಬೀಳುವ ಹಾಗೆ ಹಿಡಿಯಿರಿ. ಗೆರೆ ಸ್ವಲ್ಪವೂ ಬಾಗದೆ ನೇರವಾಗಿ ಕಾಣಬೇಕು. ಜರಾತ್ಸು ಅನ್ನುವ ಪಾಲಿಶ್‌ನ ಫಲ ಅದು. ತಿರುಗುವ ಲೋಹದ ತಟ್ಟೆಗೆ ಕೇಸನ್ನು ಕೈಯಲ್ಲೇ ಒತ್ತಿ ಹಿಡಿದು ಮಾಡುವ ಕೆಲಸ. ಕೋನ ಒಂದಿಷ್ಟು ತಪ್ಪಿದರೂ ಅಂಚಿನ ಚೂಪು ಹೋಯಿತು ಅಂತಲೇ ಲೆಕ್ಕ. ಕೇಸು, ಮುಳ್ಳು, ಡಯಲ್ ಎಲ್ಲ ಹೀಗೇ ಇರಬೇಕು ಅಂತ ತಾರೋ ತನಾಕಾ ಅನ್ನುವ ವಿನ್ಯಾಸಕಾರ 1960ರ ದಶಕದಲ್ಲೇ ನಿಯಮ ಮಾಡಿದರು. ಅದಕ್ಕೆ ಸರಿಯಾಗಿ ಬಂದ 1967ರ 44ಜಿಎಸ್ ಮಾಡೆಲ್‌ನ ರೂಪವನ್ನು ಈಗಲೂ ಅನುಸರಿಸುತ್ತಾರೆ.

ಕೊನೆಗೆ ಡಯಲ್. ಸ್ನೋಫ್ಲೇಕ್ ಅಂತ ಅಭಿಮಾನಿಗಳು ಕರೆಯುವ ಒಂದು ಮಾಡೆಲ್ ಇದೆ. ದೂರದಿಂದ ಬರೀ ಬಿಳಿ ಡಯಲ್. ಹತ್ತಿರ ಹಿಡಿದರೆ ಗಾಳಿ ಬೀಸಿದ ಹಿಮದ ಮೇಲಿನ ಸಣ್ಣ ಸಣ್ಣ ಏರಿಳಿತ ಕಾಣುತ್ತದೆ. ಆ ಬಿಳಿಗೆ ಬಿಳಿ ಬಣ್ಣ ಹಚ್ಚಿಲ್ಲ, ಬೆಳ್ಳಿ ಲೇಪನದಿಂದ ತಂದದ್ದು. ಅದರ ಮೇಲೆ ನೀಲಿ ಸೆಕೆಂಡ್ ಮುಳ್ಳು ಹರಿಯುತ್ತಾ ಹೋಗುತ್ತದೆ, ಟಿಕ್ ಟಿಕ್ ಇಲ್ಲ.

ಹೀಗೆ ನೋಡುತ್ತಾ ನಿಂತಾಗ ಪಕ್ಕದಲ್ಲಿ ಬಂದವರು ಹೋಗೋಣ್ವಾ ಅಂತ ಕೇಳಿದ್ದೂ ನಿಮಗೆ ಕೇಳಿಸಲಿಲ್ಲ ಅಂದರೆ ಇದು ನಿಮ್ಮ ವಾಚು. ಹೌದು ಚೆನ್ನಾಗಿದೆ ಅಂತಷ್ಟೇ ಅನಿಸಿ ಕೈ ಕೆಳಗಿಳಿದರೆ ದುಡ್ಡು ಉಳಿಸಿ.

ಹೆಜ್ಜೆ 3: ಒಳಗಿನ ಯಂತ್ರ ಯಾವುದು ಅಂತ ತೀರ್ಮಾನಿಸಿ

ಮೂರು ಬಗೆ ಇವೆ. ಮೂರಕ್ಕೂ ಬೇರೆ ಬೇರೆ ಸ್ವಭಾವದ ಜನ.

ಮೊದಲನೆಯದು ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್. ಕ್ವಾರ್ಟ್ಜ್ ಅಂದರೆ ಅಗ್ಗ ಅನ್ನುವ ಭಾವನೆ ಬಿಡಿ. 1993ರಲ್ಲಿ ಬಂದ 9ಎಫ್ ಯಂತ್ರ ವರ್ಷಕ್ಕೆ 10 ಸೆಕೆಂಡ್ ಆಚೀಚೆ ಮಾತ್ರ ಆಗುತ್ತದೆ. ಬೆಳಿಗ್ಗೆ ಏಳಕ್ಕೆ ಆಸ್ಪತ್ರೆ ರೌಂಡ್ಸ್ ಇರುವವರು, ವಾಚಿಗೆ ಕೀ ಕೊಡುವ ವ್ಯವಧಾನ ಇಲ್ಲದವರು, ಆದರೆ ಮುಳ್ಳು ಗೆರೆಯ ಮೇಲೆ ನಿಖರವಾಗಿ ಬಂದು ನಿಂತರೆ ಖುಷಿಪಡುವವರು ಇದನ್ನೇ ತೆಗೆದುಕೊಳ್ಳಲಿ.

ಅಪ್ಪನ ಎಚ್‌ಎಂಟಿ ಜನತಾಗೆ ದಿನಾ ಕೀ ಕೊಟ್ಟು ಬೆಳೆದವರಿಗೆ ಮೆಕ್ಯಾನಿಕಲ್. (ಆ ಎಚ್‌ಎಂಟಿಯ ಬೆಂಗಳೂರು ಕಾರ್ಖಾನೆ 1961ರಲ್ಲಿ ಶುರುವಾದದ್ದೂ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಲ್ಲೇ. ಜಪಾನಿ ವಾಚು ನಮಗೆ ಹೊಸದೇನಲ್ಲ.) ಇಲ್ಲಿ ಪ್ರತಿ ಯಂತ್ರವನ್ನೂ ಆರು ಭಂಗಿಗಳಲ್ಲಿ, ಮೂರು ತಾಪಮಾನಗಳಲ್ಲಿ, 17 ದಿನ ಪರೀಕ್ಷಿಸುತ್ತಾರೆ.

ಇನ್ನು ಸ್ಪ್ರಿಂಗ್ ಡ್ರೈವ್. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದವರ ಕೈಗೆ ಇದನ್ನು ಕೊಟ್ಟರೆ ವಾಪಸ್ ಬರುವುದು ಕಷ್ಟ! ಬ್ಯಾಟರಿ ಇಲ್ಲ, ಸ್ಪ್ರಿಂಗಿನಿಂದಲೇ ಓಡುತ್ತದೆ. ಆ ಓಟದಲ್ಲೇ ಚೂರು ಕರೆಂಟ್ ಹುಟ್ಟುತ್ತದೆ, ಅದರಿಂದ ಒಂದು ಕ್ವಾರ್ಟ್ಜ್ ಹರಳು ಕೆಲಸ ಮಾಡುತ್ತದೆ, ಅದು ಹೇಳಿದ ವೇಗಕ್ಕೆ ಸರಿಯಾಗಿ ಒಂದು ಚಕ್ರಕ್ಕೆ ಅಯಸ್ಕಾಂತದ ಬ್ರೇಕ್ ಬೀಳುತ್ತದೆ. ಯೋಶಿಕಾಜು ಅಕಾಹಾನೆ ಅನ್ನುವ ಎಂಜಿನಿಯರ್‌ಗೆ ಇದು ಹೊಳೆದದ್ದು 1977ರಲ್ಲಿ. 600ಕ್ಕೂ ಹೆಚ್ಚು ಪ್ರಯೋಗದ ಮಾದರಿಗಳ ಆಮೇಲೆ 1999ರಲ್ಲಿ ಮಾರುಕಟ್ಟೆಗೆ ಬಂತು. ಅಷ್ಟರಲ್ಲಿ ಅವರು ತೀರಿಹೋಗಿದ್ದರು. ನನಗೆ ಮೂರರಲ್ಲಿ ಇದೇ ಇಷ್ಟ.

ಹೆಜ್ಜೆ 4: ನಮ್ಮ ಸೆಕೆಗೆ ಹೊಂದುತ್ತದಾ ನೋಡಿ

ಏಪ್ರಿಲ್‌ನಲ್ಲಿ ಹಂಪನಕಟ್ಟೆಯಿಂದ ಕಾರ್‌ಸ್ಟ್ರೀಟ್‌ವರೆಗೆ ನಡೆದರೆ ಸಾಕು, ಕೈ ಪೂರ್ತಿ ಬೆವರು. ಹಾಗಾಗಿ ಲೆದರ್ ಪಟ್ಟಿಗಿಂತ ಲೋಹದ ಚೈನು ಮೇಲು. ಟೈಟಾನಿಯಂ ಸಿಕ್ಕಿದರೆ ಇನ್ನೂ ಒಳ್ಳೆಯದು, ಸ್ಟೀಲಿಗಿಂತ ತುಂಬಾ ಹಗುರ, ಉಪ್ಪು ಗಾಳಿಗೂ ಜಗ್ಗುವುದಿಲ್ಲ. ನೀರಿನ ವಿಷಯವನ್ನೂ ಕೇಳಿ. ಕೆಲವು ತೆಳು ಮಾಡೆಲ್‌ಗಳಿಗೆ 30 ಮೀಟರ್ ಅಂತ ಮಾತ್ರ ಬರೆದಿರುತ್ತದೆ. ಅಂದರೆ ಕೈ ತೊಳೆಯುವಾಗ ಸಿಡಿದ ನೀರಿಗೆ ಸಾಕು, ಪಣಂಬೂರಿನಲ್ಲಿ ಸಮುದ್ರಕ್ಕಿಳಿಯಲಿಕ್ಕೆ ಆಗುವುದಿಲ್ಲ. ಮಿರಮಿರ ಪಾಲಿಶ್ ಮೇಲೆ ಗೀರು ಬೇಗ ಕಾಣುತ್ತದೆ ಅನ್ನುವುದೂ ಗೊತ್ತಿರಲಿ.

ಹೆಜ್ಜೆ 5: ಬಿಲ್ಲು ಮತ್ತು ಸರ್ವಿಸ್

ಬಿಲ್ಲಿಲ್ಲದೆ ಬೇಡ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ಅಂಗಡಿಯವರು ನಗದಾಗಿ ತೆಗೆದುಕೊಳ್ಳುವಂತಿಲ್ಲ. ವಿದೇಶದಿಂದ ತರುವುದಾದರೆ ಬಜ್ಪೆಯಲ್ಲಿ ಇಳಿದಾಗ ಕಸ್ಟಮ್ಸ್‌ಗೆ ಹೇಳಿ, ಸುಂಕ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಸುಂಕ ಸೇರಿಸಿದರೆ ಅಲ್ಲಿಯ ಬೆಲೆ ಅಷ್ಟೇನೂ ಲಾಭ ಅನಿಸದಿರಬಹುದು, ಲೆಕ್ಕ ಹಾಕಿಯೇ ಹೊರಡಿ. ಮುಂದೆ ಮಾರಿ ದುಡ್ಡು ಮಾಡುವ ಯೋಚನೆ ಇದ್ದರೆ ಈಗಲೇ ಬಿಡಿ. ಸೆಕೆಂಡ್ ಹ್ಯಾಂಡ್ ಆದಾಗ ಇವುಗಳ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ.

ಸರ್ವಿಸ್‌ಗೆ ಎಲ್ಲಿಗೆ ಕಳಿಸುತ್ತಾರೆ, ಎಷ್ಟು ದಿನ, ಎಷ್ಟು ಖರ್ಚು ಅಂತ ಕೊಳ್ಳುವ ಮೊದಲೇ ಕೇಳಿ ಬರೆದುಕೊಳ್ಳಿ. 3ರಿಂದ 4 ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ಸರ್ವಿಸ್ ಮಾಡಿಸಿ ಅಂತ ಕಂಪನಿಯೇ ಹೇಳುತ್ತದೆ. ಸ್ಪ್ರಿಂಗ್ ಡ್ರೈವನ್ನು ನಮ್ಮೂರಿನ ವಾಚ್ ರಿಪೇರಿಯವರು, ಎಷ್ಟೇ ಕೈಚಳಕದವರಾಗಿದ್ದರೂ, ಬಿಚ್ಚಲಿಕ್ಕಿಲ್ಲ, ಅದರ ಬಿಡಿಭಾಗ ಅವರಿಗೆ ಸಿಗುವುದಿಲ್ಲ. ಕ್ವಾರ್ಟ್ಜ್‌ನ ಬ್ಯಾಟರಿಯನ್ನೂ ಅಧಿಕೃತ ಸೆಂಟರ್‌ನಲ್ಲೇ ಹಾಕಿಸಿ. ಹಿಂದಿನ ಮುಚ್ಚಳ ತೆಗೆದಾಗ ಅದರ ರಬ್ಬರ್ ರಿಂಗ್ ಸರಿಯಾಗಿ ಕೂರದಿದ್ದರೆ ಜೂನ್‌ನ ಮೊದಲ ಮಳೆಗೇ ಗಾಜಿನ ಒಳಗೆ ಮಂಜು ಕೂರುತ್ತದೆ.