ಮರುಭೂಮಿಯಲ್ಲಿ ಮಳೆಗಾಲದ ಶಾಪಿಂಗ್

ದುಬೈಗೆ ಹೋಗ್ತೀನಿ ಅಂದ ಕೂಡಲೇ ಊರಲ್ಲಿ ಎಲ್ಲರೂ ನೆನಪಿಸುವುದು ಚಿನ್ನ ಮತ್ತು ಸೆಂಟು. ನಾನು ಎರಡನ್ನೂ ಬಿಟ್ಟೆ. ವಿರಾಜಪೇಟೆ ಕಡೆಯ ನಮ್ಮ ಮನೆಗೆ ಬೇಕಾಗಿದ್ದದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಬಾಳುವ ಸಾಮಾನು. ಮಳೆಯೇ ಅಪರೂಪದ ಊರಿಗೆ ಬಂದು ಮಳೆಗಾಲಕ್ಕೆ ಹುಡುಕ್ತೀಯಾ ಅಂತ ಅಕ್ಕ ನಕ್ಕಳು. ಭಾವ ಮಾತ್ರ, "ಕಾರು ನಾನು ಓಡಿಸ್ತೀನಿ, ಅಂಗಡಿ ಒಳಗೆ ಕರೀಬೇಡ" ಅಂದರು.

ಮೊದಲು ತೆಗೆದುಕೊಂಡದ್ದು ಕಂಬಳಿ. ಗಲ್ಫ್‌ನಿಂದ ಬಂದವರ ಮನೆಯಲ್ಲಿ ನೋಡಿರ್ತೀರಿ, ದೊಡ್ಡ ಹೂವಿನ, ಕೆಲವೊಮ್ಮೆ ಹುಲಿ ಚಿತ್ರದ ದಪ್ಪ ಕಂಬಳಿ. ದೇರಾದ ನೈಫ್ ಕಡೆಯ ಅಂಗಡಿಗಳಲ್ಲಿ ಜಿಪ್ ಚೀಲ ಸಮೇತ ಪೇರಿಸಿಟ್ಟಿರುತ್ತಾರೆ. ಚಂದ ಅಂತ ನಾನು ಅದನ್ನು ಆರಿಸಿದ್ದಲ್ಲ. ನಮ್ಮಲ್ಲಿ ಕಕ್ಕಡ ತಿಂಗಳು, ಅಂದರೆ ಮಳೆ ಜೋರಾಗಿರುವ ಆಟಿ ತಿಂಗಳು, ಬಂದರೆ ಹತ್ತಿಯ ರಜಾಯಿ ಮುಟ್ಟಿದರೆ ತಣ್ಣಗೆ, ಹಸಿ ಹಸಿ. ಹತ್ತಿ ಗಾಳಿಯ ಪಸೆಯನ್ನು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಹೆಚ್ಚುಕಡಿಮೆ ಹೀರುವುದೇ ಇಲ್ಲ. ಬೇಸಿಗೆಯಲ್ಲಿ ಯಾರೂ ಇಷ್ಟಪಡದ ಆ ಗುಣವೇ ನಮಗೆ ಮಳೆಗಾಲದಲ್ಲಿ ಬೇಕಾದದ್ದು.

ಚೀಲದ ಮೇಲೆ ಸಿಂಗಲ್ ಪ್ಲೈ (ಒಂದು ಪದರ), ಡಬಲ್ ಪ್ಲೈ (ಎರಡು ಪದರ) ಅಂತಲೂ ಎಷ್ಟು ಕಿಲೋ ಅಂತಲೂ ಬರೆದಿರುತ್ತದೆ. ತೂಕ ಹೆಚ್ಚಿದಂತೆ ಬೆಲೆಯೂ ಜಾಸ್ತಿ. ಡಬಲ್ ಪ್ಲೈ ಬೆಚ್ಚಗಿರುತ್ತದೆ, ನಿಜ. ಆದರೆ ಜುಲೈನಲ್ಲಿ ಅದನ್ನು ಒಗೆದರೆ ಒಣಗಿಸುವವರು ಯಾರು? ಸಿಂಗಲ್ ಪ್ಲೈ ಸಾಕು ಅಂದೆ. ಅಂಗಡಿಯವನಿಂದ ಚೀಲ ಬಿಚ್ಚಿಸಿ, ಒಂದು ಮೂಲೆಯನ್ನು ಉಗುರಿನಿಂದ ಗಟ್ಟಿಯಾಗಿ ಕೆರೆದೆ. ನೂಲು ಉದುರಿ ಬೆರಳಿಗೆ ಅಂಟಿಕೊಂಡಿತು. ಅದನ್ನು ಬಿಟ್ಟು ಇನ್ನೊಂದು. ಮೂರನೆಯದರಲ್ಲಿ ಏನೂ ಉದುರಲಿಲ್ಲ, ಅಂಚಿನ ಪಟ್ಟಿಯನ್ನು ಎಳೆದರೂ ಹೊಲಿಗೆ ಬಿಡಲಿಲ್ಲ. ಕಾಸರಗೋಡಿನ ಹುಡುಗ, ಕನ್ನಡ ಚೆನ್ನಾಗಿ ಬರುತ್ತಿತ್ತು. "ಅಕ್ಕ, ನೀವು ಮದುವೆಗೆ ಹುಡುಗ ನೋಡಿದ ಹಾಗೆ ನೋಡ್ತೀರಲ್ಲ" ಅಂದ. ಬೆಲೆ ಮಾತ್ರ ಇಳಿಸಿದ. ಗಾಳಿ ಹೀರಿ ಚಪ್ಪಟೆ ಮಾಡುವ ಪ್ಲಾಸ್ಟಿಕ್ ಚೀಲವೂ ಅಲ್ಲೇ ಸಿಗುತ್ತದೆ. ಕಂಬಳಿಯ ಗಾತ್ರ ಇಳಿಯುತ್ತದೆ, ತೂಕ ಒಂದು ಗ್ರಾಮೂ ಇಳಿಯಲ್ಲ. ವಿಮಾನದವರು ನೋಡುವುದು ತೂಕ. ಹಾಗಾಗಿ ಅಕ್ಕನ ಮನೆಯಲ್ಲೇ ತೂಗಿ ನೋಡಿ ಪೆಟ್ಟಿಗೆ ಕಟ್ಟಿದೆ.

ಬಟ್ಟೆಗೆ ಕಾಲ ನೋಡಿ ಹೋಗಬೇಕು. ಫೆಬ್ರವರಿ ಕೊನೆಗೆ ಅಲ್ಲಿ ಚಳಿ ಮುಗಿಯುತ್ತದೆ. ಜರ್ಕಿನ್, ಸ್ವೆಟರ್‌ಗಳನ್ನು ಅಂಗಡಿಯವರು ರಿಯಾಯಿತಿಗೆ ಹಾಕುತ್ತಾರೆ. ನಮಗೆ ಅವು ಬೇಕಾಗುವುದು ಜೂನ್‌ಗೆ, ಅಲ್ವಾ? ಚೀಟಿಯಲ್ಲಿ ಏನೇ ಬರೆದಿರಲಿ, ನಾನು ಜರ್ಕಿನ್ ಒಳಮಗ್ಗುಲು ತಿರುಗಿಸಿ ನೋಡುತ್ತೇನೆ. ಹೊಲಿಗೆಯ ಮೇಲೆ ತೆಳ್ಳಗೆ ಟೇಪ್ ಅಂಟಿಸಿದ್ದರೆ ನಮ್ಮ ಮಳೆಗೆ ಒಂದಷ್ಟು ತಡೆಯುತ್ತದೆ. ಇಲ್ಲದಿದ್ದರೆ ಸೂಜಿ ತೂತಿನಿಂದಲೇ ನೀರು ಒಳಗೆ. ಜಿಪ್ ಪ್ಲಾಸ್ಟಿಕ್‌ನದ್ದಾದರೆ ಒಳ್ಳೆಯದು, ಅಗ್ಗದ ಲೋಹದ್ದು ಬೇಗ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಚರ್ಮದ ಬ್ಯಾಗು, ಚಪ್ಪಲಿಗಳ ಕಡೆ ತಲೆಯೇ ಹಾಕಲಿಲ್ಲ. ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಬರುವ ಊರು ನಮ್ಮದು. ಚರ್ಮದಂತೆ ಕಾಣುವ ಪಿಯು ಬ್ಯಾಗಂತೂ ತೇವಕ್ಕೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಮೀನಾ ಬಜಾರಿನಲ್ಲಿ ಅವ್ವನಿಗೆ ಜಾರ್ಜೆಟ್ ಸೀರೆ ತೆಗೆದೆ. ಬೇಗ ಒಣಗುತ್ತದೆ, ಕೊಡವ ರೀತಿಯಲ್ಲಿ ಹಿಂದೆ ನೆರಿಗೆ ಹಿಡಿದರೆ ಚೆನ್ನಾಗಿ ಬೀಳುತ್ತದೆ.

ಡ್ರ್ಯಾಗನ್ ಮಾರ್ಟ್‌ಗೆ ಒಳ್ಳೆಯ ಶೂ ಹಾಕಿಕೊಂಡು ಹೋಗಿ. 2004ರಲ್ಲಿ ಶುರುವಾದ ಆ ಚೀನಾ ಸಾಮಾನಿನ ಮಾರುಕಟ್ಟೆ ಒಂದು ಕಿಲೋಮೀಟರಿಗಿಂತ ಉದ್ದ. ಅಲ್ಲಿ ಚಾರ್ಜಿನ ಎಲ್‌ಇಡಿ ದೀಪ ಮತ್ತು ಸ್ಟೀಲ್ ಫ್ಲಾಸ್ಕ್ ತೆಗೆದುಕೊಂಡೆ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಬೆಲ್ಲದ ಕಾಫಿ ಬಿಸಿಯಾಗಿದ್ದರೆ ಅಷ್ಟೇ ಸಮಾಧಾನ. ಅರಬ್ಬರ ಚಂದದ ಫ್ಲಾಸ್ಕ್‌ಗಳಲ್ಲಿ ಬಹಳಷ್ಟರ ಒಳಗೆ ಗಾಜು. ಕಣ್ಣೂರಿನಿಂದ ನಮ್ಮೂರಿಗೆ ಬರುವ ಮಾಕುಟ್ಟ ಘಾಟಿಯ ತಿರುವುಗಳಿಗೆ ಗಾಜು ಬೇಡ ಅಂದುಕೊಂಡೆ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಕಡೆಯವರಿಗೆ ಅದೇ ಹತ್ತಿರದ ದಾರಿ. ಚಾರ್ಜಿನ ದೀಪದಲ್ಲಿ ಲಿಥಿಯಂ ಬ್ಯಾಟರಿ ಇತ್ತು, ಕೈಚೀಲದಲ್ಲೇ ತಂದೆ. ಗಾಳಿಯ ತೇವ ಎಳೆಯುವ ಡಿಹ್ಯೂಮಿಡಿಫೈಯರ್ ನೋಡಿ ಆಸೆಯಾಯಿತು. ಆದರೆ ಭಾರ ಜಾಸ್ತಿ, ಕೆಟ್ಟರೆ ಅಲ್ಲಿಯ ವಾರಂಟಿ ಇಲ್ಲಿ ನಡೆಯಲ್ಲ. ಇಲ್ಲೇ ಕೊಳ್ಳುವುದು ವಾಸಿ.

ಲೆಕ್ಕದ ವಿಷಯ. ಅಲ್ಲಿಯ ಹಣ ದಿರ್ಹಮ್‌ನ ಬೆಲೆಯನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ, 1 ಡಾಲರಿಗೆ 3.6725 ದಿರ್ಹಮ್. ರೂಪಾಯಿ ಡಾಲರ್ ಎದುರು ಇಳಿದರೆ ಅಲ್ಲಿಯ ಎಲ್ಲವೂ ನಮಗೆ ತುಟ್ಟಿ. ಅಲ್ಲಿ ವ್ಯಾಟ್ 5%. ಪ್ರವಾಸಿಗರು ವ್ಯಾಟ್ ವಾಪಸ್ ಸೌಲಭ್ಯವಿರುವ ಅಂಗಡಿಯಲ್ಲಿ 250 ದಿರ್ಹಮ್‌ಗಿಂತ ಕಡಿಮೆಯಿಲ್ಲದೆ ಕೊಂಡು, ಪಾಸ್‌ಪೋರ್ಟ್ ತೋರಿಸಿ ಬಿಲ್ ಮಾಡಿಸಿದರೆ, ಕಟ್ಟಿದ ವ್ಯಾಟ್‌ನಲ್ಲಿ ಹೆಚ್ಚಿನ ಪಾಲು ವಿಮಾನ ನಿಲ್ದಾಣದಲ್ಲಿ ವಾಪಸ್ ಸಿಗುತ್ತದೆ. ಪೆಟ್ಟಿಗೆ ಒಪ್ಪಿಸುವ ಮುಂಚೆಯೇ ಈ ಕೆಲಸ ಮುಗಿಸಿ, ಸಾಮಾನು ತೋರಿಸಿ ಅಂದರೂ ಅನ್ನಬಹುದು. ನಮ್ಮ ಕಸ್ಟಮ್ಸ್‌ನಲ್ಲಿ ಸುಂಕವಿಲ್ಲದ ಮಿತಿ ನಾನು ಹೋದಾಗ 50,000 ರೂಪಾಯಿ ಇತ್ತು. ನೀವು ಹೊರಡುವ ಮುಂಚೆ ಈಗಿನ ಮಿತಿ ನೋಡಿಕೊಳ್ಳಿ. ಫ್ಲಾಟ್ ಟಿವಿ ಆ ಮಿತಿಯೊಳಗೆ ಬರಲ್ಲ, 2013ರಿಂದ ಅದಕ್ಕೆ ಸುಂಕ ಕಟ್ಟಲೇಬೇಕು.

ಅಲ್ಲಿಯ ಪ್ಲಗ್‌ಗೆ ಮೂರು ಚಪ್ಪಟೆ ಕಾಲು. ವೋಲ್ಟೇಜ್ ನಮ್ಮದೇ ತರಹ, ಹಾಗಾಗಿ ವಸ್ತು ನಡೆಯುತ್ತದೆ. ಇಸ್ತ್ರಿ ಪೆಟ್ಟಿಗೆಯಂಥದ್ದಕ್ಕೆ ಸಡಿಲ ಅಡಾಪ್ಟರ್ ಸಿಕ್ಕಿಸಬೇಡಿ, ಬಿಸಿಯಾಗಿ ಕರಗುತ್ತದೆ. ಪೇಟೆಯ ಎಲೆಕ್ಟ್ರಿಕ್ ಅಂಗಡಿಯಲ್ಲಿ ಹಳೆಯ ಪ್ಲಗ್ ಕತ್ತರಿಸಿ ನಮ್ಮ ದುಂಡು ಕಾಲಿನದ್ದು ಹಾಕಿಸಿದರೆ ಆಯಿತು.