ವೈರ್‌ಲೆಸ್ ಸೆನ್ಸರ್ ಬ್ಯಾಟರಿ ಇನ್ನೆಷ್ಟು ದಿನ ಬರುತ್ತದೆ? ಲೆಕ್ಕ ಹಾಕುವುದು ಹೀಗೆ

ವೋಲ್ಟೇಜ್ ಅಳೆದು ಅದನ್ನೇ ಶೇಕಡಾ ಲೆಕ್ಕದಲ್ಲಿ ತೋರಿಸುವ ಕೋಡ್ ಇದ್ದರೆ ಅದನ್ನು ನಂಬಬೇಡಿ. ಆಲ್ಕಲೈನ್ ಸೆಲ್ ಆದರೆ ಹೇಗೋ ನಡೆಯುತ್ತದೆ, 1.5 ವೋಲ್ಟ್‌ನಿಂದ 0.9ರವರೆಗೆ ನಿಧಾನವಾಗಿ ಇಳಿಯುತ್ತದೆ. ಸಿಆರ್2032 ಥರದ ಲಿಥಿಯಂ ಕಾಯಿನ್ ಸೆಲ್ ಹಾಗಲ್ಲ. ಬಹುಕಾಲ 3 ವೋಲ್ಟ್ ಆಸುಪಾಸಿನಲ್ಲೇ ನಿಂತು, ಕೊನೆಗೆ ದಿಢೀರನೆ ಬೀಳುತ್ತದೆ.

ಹಾಗಾಗಿ ಖರ್ಚಾದ ಚಾರ್ಜ್ ಎಣಿಸಿ. ಮೊದಲು ಎರಡು ಕರೆಂಟ್ ಅಳೆಯಿರಿ: ಸೆನ್ಸರ್ ನಿದ್ದೆಯಲ್ಲಿ (ಕೆಲಸವಿಲ್ಲದೆ ಸುಮ್ಮನಿರುವಾಗ) ಎಷ್ಟು, ಎಚ್ಚರವಾಗಿ ಡೇಟಾ ಕಳಿಸುವಾಗ ಎಷ್ಟು. ನಿದ್ದೆಯಲ್ಲಿ 5 ಮೈಕ್ರೋಆಂಪ್, 10 ನಿಮಿಷಕ್ಕೊಮ್ಮೆ 100 ಮಿಲಿಸೆಕೆಂಡ್ ಎದ್ದು 20 ಮಿಲಿಆಂಪ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಿನಕ್ಕೆ 144 ಸಲ ಎದ್ದರೂ ಆ ಖರ್ಚು ಬರೀ 0.08 ಮಿಲಿಆಂಪ್ ಅವರ್. ಸುಮ್ನೆ ಮಲಗಿದ್ದಕ್ಕೇ 0.12! ಒಟ್ಟು 0.2, ಅಂದರೆ 220 ಮಿಲಿಆಂಪ್ ಅವರ್ ಸೆಲ್ ಕಾಗದದ ಮೇಲೆ 1100 ದಿನ ಬರಬೇಕು.

ನಿಜದಲ್ಲಿ ಅಷ್ಟು ಬರುವುದಿಲ್ಲ. ಸಿಗ್ನಲ್ ಸರಿಯಿಲ್ಲದಿದ್ದರೆ ರೇಡಿಯೋ ಅದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತದೆ, ಆದ್ದರಿಂದ ಎಷ್ಟು ಸಲ ಎದ್ದಿತು ಅನ್ನುವುದಕ್ಕಿಂತ ಒಟ್ಟು ಎಷ್ಟು ಮಿಲಿಸೆಕೆಂಡ್ ಎಚ್ಚರವಿತ್ತು ಅನ್ನುವುದನ್ನೇ ಎಣಿಸಿ, ಆ ಸಂಖ್ಯೆಯನ್ನು ಪ್ರತಿ ಪ್ಯಾಕೆಟ್ ಜೊತೆ ಗೇಟ್‌ವೇಗೆ (ಸೆನ್ಸರ್ ಕಳಿಸಿದ ಡೇಟಾ ಪಡೆಯುವ ಸಾಧನ) ಕಳಿಸಿ, ಗುಣಾಕಾರ ಎಲ್ಲ ಅಲ್ಲೇ ಆಗಲಿ. ಸೆನ್ಸರ್‌ನ ಫ್ಲ್ಯಾಶ್ ಮೆಮೊರಿಗೆ ಪದೇ ಪದೇ ಬರೆಯುವ ಗೋಜೂ ಇರುವುದಿಲ್ಲ.

ಇನ್ನೊಂದು ತೊಂದರೆ ಸೆಲ್ ಒಳಗಿನ ರೆಸಿಸ್ಟೆನ್ಸ್. ಅದು 20 ಓಮ್ ಇದ್ದರೆ 20 ಮಿಲಿಆಂಪ್ ಎಳೆದಾಗ 0.4 ವೋಲ್ಟ್ ಕುಸಿಯುತ್ತದೆ. ಸೆಲ್ ಖಾಲಿಯಾಗುತ್ತಾ ಹೋದಂತೆ ರೆಸಿಸ್ಟೆನ್ಸ್ ಏರುತ್ತದೆ, ಚಳಿಯಲ್ಲಿ ಇನ್ನೂ ಜಾಸ್ತಿ. ಒಳಗೆ ಚಾರ್ಜ್ ಉಳಿದಿದ್ದರೂ ಚಿಪ್ ರೀಸೆಟ್ ಆಗುವುದು ಇದರಿಂದಲೇ. ಅದಕ್ಕೇ ವೋಲ್ಟೇಜನ್ನು ಎರಡು ಸಲ ಓದಿ: ಕಳಿಸುವ ಮುಂಚೆ ಒಮ್ಮೆ, ಕಳಿಸುತ್ತಿರುವಾಗ ಒಮ್ಮೆ. ನನ್ನ ಪ್ರಕಾರ ಈ ಎರಡರ ಅಂತರವೇ ಅತಿ ಉಪಯುಕ್ತ ಸಂಖ್ಯೆ. ಅಂತರ ವಾರದಿಂದ ವಾರಕ್ಕೆ ದೊಡ್ಡದಾಗುತ್ತಿದ್ದರೆ ಎಣಿಕೆ ಏನೇ ಹೇಳಲಿ, ಹೊಸ ಸೆಲ್ ತಂದಿಡಿ. ಹೋಲಿಸುವಾಗ ಮಾತ್ರ ಒಂದೇ ತಾಪಮಾನದ ಓದುಗಳನ್ನು ಹೋಲಿಸಿ. ಪಕ್ಕಕ್ಕೊಂದು ದೊಡ್ಡ ಕೆಪಾಸಿಟರ್ ಹಾಕಿದರೆ ಕುಸಿತ ಕಡಿಮೆಯಾಗುತ್ತದೆ, ಆದರೆ ಅದರ ಲೀಕೇಜನ್ನೂ (ಸುಮ್ಮನೆ ಸೋರುವ ಕರೆಂಟ್) ನಿದ್ದೆಯ ಖರ್ಚಿಗೆ ಸೇರಿಸಬೇಕು.

ಅಳೆಯಲು ಎರಡು 100 ಕಿಲೋಓಮ್ ರೆಸಿಸ್ಟರ್‌ಗಳ ಡಿವೈಡರನ್ನು (ವೋಲ್ಟೇಜನ್ನು ಭಾಗ ಮಾಡಿ ಕೊಡುವ ಜೋಡಿ) ಸದಾ ಜೋಡಿಸಿಡಬೇಡಿ. 3 ವೋಲ್ಟ್‌ಗೆ ಅದೇ 15 ಮೈಕ್ರೋಆಂಪ್ ಕುಡಿಯುತ್ತದೆ, ನಿದ್ದೆಯ ಖರ್ಚಿನ ಮೂರು ಪಟ್ಟು! ಸೆಲ್ ನೇರವಾಗಿ ಚಿಪ್‌ಗೆ ಜೋಡಿಸಿದ್ದರೆ ಡಿವೈಡರೇ ಬೇಡ, ಹೆಚ್ಚಿನ ಚಿಪ್‌ಗಳಲ್ಲಿ ಒಳಗಿನ ರೆಫರೆನ್ಸ್ (ಬದಲಾಗದ ಗೊತ್ತಿರುವ ವೋಲ್ಟೇಜ್) ಓದಿಯೇ ಸಪ್ಲೈ ವೋಲ್ಟೇಜ್ ಕಂಡುಹಿಡಿಯಬಹುದು.

ಸೆಲ್ ಬದಲಿಸಿದಾಗ ಗೇಟ್‌ವೇಯಲ್ಲಿ ಎಣಿಕೆಯನ್ನು ಕೈಯಾರೆ ಸೊನ್ನೆ ಮಾಡಿ. ಬರೀ ರೀಸೆಟ್ ಆದಾಗ ಹಳೇ ಮೊತ್ತಕ್ಕೆ ಕೂಡಿಸುತ್ತಾ ಹೋಗಲಿ.