ವೆಲ್ಷ್ ಹೆಸರಿನ ಅರ್ಥ ಹುಡುಕುವುದು ಹೇಗೆ? ಗ್ವೆನ್‌ಹ್ಲಿಯನ್ ಹಿಡಿದು ನೋಡೋಣ

ನಾನಿರುವುದು ದಕ್ಷಿಣ ವೇಲ್ಸ್‌ನ ಹ್ಲನೆಹ್ಲಿಯಲ್ಲಿ. ಒಂದು ಕ್ಲಿನಿಕ್‌ನ ರಿಸೆಪ್ಷನ್‌ನಲ್ಲಿ ಕೂತು ದಿನವಿಡೀ ಹೆಸರು ಕೂಗುವುದೇ ಕೆಲಸ. ಹಾಗಾಗಿ ಇಲ್ಲಿನ ಹೆಸರುಗಳ ಹುಚ್ಚು ಹತ್ತಿದೆ. ಮಗುವಿಗೆ ವೆಲ್ಷ್ ಹೆಸರು ಇಡಬೇಕು ಅನ್ನುವವರು ನನ್ನನ್ನು ಅರ್ಥ ಕೇಳುತ್ತಾರೆ. ದಾರಿ ಗೊತ್ತಿದ್ದರೆ ನೀವೇ ಹುಡುಕಬಹುದು. ಉದಾಹರಣೆಗೆ ಗ್ವೆನ್‌ಹ್ಲಿಯನ್ (Gwenllian) ಅನ್ನುವ ಹುಡುಗಿಯ ಹೆಸರನ್ನು ತಗೊಳ್ಳೋಣ.

ಮೊದಲು ಬಾಯಿ ತಿರುಗಬೇಕು. ಎರಡು ಎಲ್ ಜೊತೆಗೆ ಬಂದರೆ ಅದು ನಮ್ಮ 'ಲ್ಲ' ಅಲ್ಲ. ನಾಲಿಗೆ ತುದಿಯನ್ನು 'ಲ' ಹೇಳುವ ಜಾಗಕ್ಕೆ ಒತ್ತಿ. ಗಂಟಲಿನ ದನಿ ಬೇಡ, ನಾಲಿಗೆಯ ಪಕ್ಕದಿಂದ ಬರೀ ಗಾಳಿ ಊದಿ. ಬೆಕ್ಕು ಬುಸುಗುಟ್ಟಿದ ಹಾಗೆ ಕೇಳಿದರೆ ಸರಿ ಬಂತು ಅಂತ. ಕನ್ನಡದಲ್ಲಿ ಇದಕ್ಕೆ ಅಕ್ಷರವಿಲ್ಲ, ನಾನು 'ಹ್ಲ' ಅಂತ ಬರೆದುಕೊಳ್ಳುತ್ತೇನೆ. ನಮ್ಮೂರ ಹೆಸರಲ್ಲೇ ಅದು ಎರಡು ಸಲ ಇದೆ! ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೇ ತುಂಡಿನ ಮೇಲೆ: ಗ್ವೆನ್-ಹ್ಲಿ-ಅನ್‌ನಲ್ಲಿ 'ಹ್ಲಿ' ಜೋರು.

ಆಮೇಲೆ ಹೆಸರನ್ನು ಒಡೆಯಿರಿ. 'ಗ್ವೆನ್' ಅಂದರೆ ಬಿಳಿ, ಚೆಲುವು, ಪುಣ್ಯವಂತೆ. ಗಂಡಸರಿಗೆ 'ಗ್ವಿನ್'. ಉಳಿದರ್ಧದ ಬಗ್ಗೆ ಜಗಳವಿದೆ. 'ಹ್ಲಿಯಾಯ್ನ್' ಅಂದರೆ ಲಿನನ್ ಬಟ್ಟೆ, ಅದೇ ಇರಬೇಕು ಅಂತ ಕೆಲವರು. 'ಹ್ಲಿಯಂಟ್', ಅಂದರೆ ನೀರಿನ ಹರಿವು, ಅಂತ ಇನ್ನು ಕೆಲವರು. ಒಂದೇ ಅರ್ಥವನ್ನು ಖಚಿತವಾಗಿ ಕೊಡುವ ಮಗುವಿನ ಹೆಸರಿನ ಪಟ್ಟಿಗಳನ್ನು ನಾನು ನಂಬುವುದಿಲ್ಲ.

ನೋಡಬೇಕಾದದ್ದು ವೇಲ್ಸ್ ವಿಶ್ವವಿದ್ಯಾಲಯದ ದೊಡ್ಡ ನಿಘಂಟು, 'ಗೈರ್ಯಾದಿರ್ ಪ್ರಿವಸ್ಗೋಲ್ ಕಮ್ರಿ' (Geiriadur Prifysgol Cymru). ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಎರಡು ವಿಷಯ ನೆನಪಿಡಿ. ಎರಡು ಎಲ್ ವೆಲ್ಷ್‌ನಲ್ಲಿ ಒಂದೇ ಅಕ್ಷರ, ಒಂದು ಎಲ್‌ನ ಪದಗಳೆಲ್ಲ ಮುಗಿದ ಮೇಲೆ ಅದರ ಸರದಿ. ಇನ್ನೊಂದು, ಪದ ಕೂಡಿದಾಗ ಎರಡನೇ ಪದದ ಮೊದಲಕ್ಷರ ಬದಲಾಗಬಹುದು, 'ಗ' ಇದ್ದರೆ ಹಾರಿಯೇ ಹೋಗುತ್ತದೆ. ಓಲ್ವೆನ್ ಹೆಸರಿನ 'ವೆನ್' ನಮ್ಮ 'ಗ್ವೆನ್'ನೇ. ಓಲ್ ಅಂದರೆ ಹೆಜ್ಜೆಗುರುತು. ಹಳೆಯ ಕಥೆಯಲ್ಲಿ ಅವಳು ಹೆಜ್ಜೆ ಇಟ್ಟಲ್ಲೆಲ್ಲ ನಾಲ್ಕು ಬಿಳಿ ಹೂ ಅರಳುತ್ತವೆ.

ಕೊನೆಗೆ, ಆ ಹೆಸರು ಯಾರಿಗಿತ್ತು ಅಂತ ನೋಡಿ. ನನ್ನ ಪ್ರಕಾರ ಅರ್ಥಕ್ಕಿಂತ ಇದೇ ಜಾಸ್ತಿ ಮುಖ್ಯ. ಹಳೆಯ ದಾಖಲೆಯಲ್ಲಿ 'ವೆರ್ಖ್' ಅಂದರೆ ಇಂಥವರ ಮಗಳು, 'ಆಪ್' ಅಂದರೆ ಮಗ. ಗ್ವೆನ್‌ಹ್ಲಿಯನ್ ವೆರ್ಖ್ ಗ್ರಿಫಿಡ್ 1136ರಲ್ಲಿ, ಗಂಡ ಸಹಾಯ ಕೇಳಲು ಉತ್ತರಕ್ಕೆ ಹೋಗಿದ್ದಾಗ, ತಾನೇ ಪಡೆ ಕಟ್ಟಿಕೊಂಡು, ಆಗ ಇಂಗ್ಲೆಂಡ್ ಆಳುತ್ತಿದ್ದ ನಾರ್ಮನ್ನರ ಮೇಲೆ ಹೋದಳು. ಕಿಡ್‌ವೆಲ್ಲಿ ಕೋಟೆಯ ಹತ್ತಿರ ಸತ್ತಳು. ಆ ಕೋಟೆ ನಮ್ಮೂರಿಗೆ ಹತ್ತಿರವೇ, ಕಾಳಗದ ಜಾಗಕ್ಕೆ ಇವತ್ತಿಗೂ 'ಮಾಯ್ಸ್ ಗ್ವೆನ್‌ಹ್ಲಿಯನ್', ಅಂದರೆ ಗ್ವೆನ್‌ಹ್ಲಿಯನ್ ಬಯಲು, ಅಂತಲೇ ಹೆಸರು. ಇನ್ನೊಬ್ಬಳು 1282ರಲ್ಲಿ ಹುಟ್ಟಿದ ರಾಜಕುಮಾರಿ. ಅದೇ ವರ್ಷ ತಾಯಿ ತೀರಿಕೊಂಡಳು, ಅಪ್ಪ ಹ್ಲಿವೆಲಿನ್ ಕೊಲೆಯಾದ. ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಕೂಸನ್ನು ದೂರದ ಸೆಂಪ್ರಿಂಗಮ್ ಮಠಕ್ಕೆ ಸೇರಿಸಿಬಿಟ್ಟ. 1337ರಲ್ಲಿ ಸಾಯುವವರೆಗೂ ಅವಳು ಅಲ್ಲೇ ಇದ್ದಳು. 2009ರಲ್ಲಿ ಉತ್ತರ ವೇಲ್ಸ್‌ನ ಸ್ನೋಡೋನಿಯಾದ ಒಂದು ಬೆಟ್ಟಕ್ಕೆ ಅವಳ ಹೆಸರಿಟ್ಟರು.

ಊರಿನ ಅಜ್ಜಿಗೆ ಹೆಸರು ಬಾಯಿಗೆ ಬರದಿದ್ದರೆ ಸುಮ್ನೆ ಗ್ವೆನ್ ಅಂತ ಕರೆಯಲಿ, ಇಲ್ಲಿನವರೂ ಹಾಗೇ ಕರೆಯುತ್ತಾರೆ. ಬರ್ತ್ ಸರ್ಟಿಫಿಕೇಟ್‌ನಲ್ಲಿ ಮಾತ್ರ ಎರಡೂ ಎಲ್ ಇರಲಿ.